ಹನ್ನೆರಡು ಗಂಟೆಯ ನೆರಳು

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಸರಕಾರಿ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಗಣಿತದ ಮಾಷ್ಟ್ರು. ಲಾಕ್‌ಡೌನ್ ಸಮಯ ಜಿಯೋಜಿಬ್ರಾ ಎಂಬ ಗಣಿತದ ಸಾಫ್ಟ್‌ವೇರ್ ಕಲಿಯಲು ಒಂದು ಆನ್‌ಲೈನ್ ತರಬೇತಿಗೆ ಸೇರಿದ್ದೆ. ಕೀನ್ಯಾದ ಕಿಸುಮು ಪಟ್ಟಣದ ಹತ್ತಿರದ ಸರಕಾರಿ ಶಾಲೆಯ ಟೀಚರೊಬ್ಬರ ಪರಿಚಯವಾದದ್ದು ಅಲ್ಲಿ. ತರಬೇತಿ ಮುಗಿಯಿತು, ವಾಟ್ಸಾಪ್ ಮುಗಿಯಲಿಲ್ಲ. ಅವರ ಮಕ್ಕಳಿಗೆ ಮನೆಯಲ್ಲಿ ಲುವೊ, ಪೇಟೆಯಲ್ಲಿ ಸ್ವಾಹಿಲಿ, ಪುಸ್ತಕದಲ್ಲಿ ಇಂಗ್ಲಿಷ್. ನಮ್ಮವರಿಗೆ ಮನೆಯಲ್ಲಿ ತುಳುವೋ ಮರಾಠಿಯೋ ಮಲಯಾಳವೋ, ಪುಸ್ತಕದಲ್ಲಿ ಕನ್ನಡ. ಊರ ಹೊರಗಿನವರಿಗೆ ನಾನು ಇದನ್ನು ಎರಡೆರಡು ಸಲ ಬಿಡಿಸಿ ಹೇಳಬೇಕಾಗುತ್ತದೆ. ಆ ಟೀಚರಿಗೆ ಒಂದೇ ಸಲ ಸಾಕಾಯಿತು.

ಹಿಂದೊಮ್ಮೆ ವಿದೇಶದ ಶಾಲೆಯೊಂದರ ಜತೆ ನಮಗೆ ‘ಸಹಭಾಗಿತ್ವ’ ಇತ್ತು. ನಾವು ಬಾವುಟದ ಚಿತ್ರ ಕಳಿಸಿದೆವು, ಅವರದ್ದು ಬಂತು, ಸರ್ಟಿಫಿಕೇಟೂ ಬಂತು. ಒಂದು ಭಾಗಾಕಾರ ಹೆಚ್ಚಿಗೆ ಬರಲಿಲ್ಲ. ಹಾಗಾಗಿ ಈ ಸಲ ಒಂದೇ ಒಂದು ಪಾಠ ಎಂದು ಇಬ್ಬರೂ ನಿಶ್ಚಯಿಸಿದೆವು: ಭೂಮಿಯ ಸುತ್ತಳತೆ. ಎರಟೋಸ್ಥೆನೀಸ್ 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಮಾಡಿದ ಲೆಕ್ಕವೇ. ಕಿಸುಮು ಇರುವುದು ಹೆಚ್ಚುಕಡಿಮೆ ಭೂಮಧ್ಯರೇಖೆಯ ಮೇಲೆ. ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯ ಭೂಮಧ್ಯರೇಖೆಯ ನೇರ ಮೇಲಿರುವುದರಿಂದ ಅಲ್ಲಿ ನಡುಮಧ್ಯಾಹ್ನ ನೆಟ್ಟ ಕೋಲಿಗೆ ನೆರಳೇ ಇರಬಾರದು. ನಮ್ಮಲ್ಲಿ ಬೀಳುವ ನೆರಳಿನ ಕೋನ, ಎರಡೂ ಊರಿನ ನಡುವಿನ ತೆಂಕು-ಬಡಗು ದೂರ, ಇಷ್ಟಿದ್ದರೆ ಸಾಕು: ಆ ಕೋನ 360 ಡಿಗ್ರಿಯ ಎಷ್ಟನೇ ಪಾಲೋ, ಆ ದೂರ ಸುತ್ತಳತೆಯ ಅಷ್ಟನೇ ಪಾಲು.

ಅಂಗಳದಲ್ಲಿ ಒಂದು ಮೀಟರಿನ ಅಡಕೆ ಸಲಾಕೆ ನೆಟ್ಟೆವು. ನೂಲಿಗೆ ಕಲ್ಲು ಕಟ್ಟಿ, ಓರೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸರಿಯಾಗಿ 12 ಗಂಟೆಗೆ ಅಳೆದೆವು: 24.5 ಸೆಂಟಿಮೀಟರ್. ಕಿಸುಮು ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರ 12 ಗಂಟೆಯ ಫೋಟೋ ಇಲ್ಲಿಗೆ ಎರಡೂವರೆಯ ಹೊತ್ತಿಗೆ ಬಂತು. ನೆರಳು 15 ಸೆಂಟಿಮೀಟರ್.

“ಮಾಷ್ಟ್ರೇ, ಅವರು ತಪ್ಪು ಅಳೆದಿದ್ದಾರೆ!” ಎಂದು ಮಕ್ಕಳಿಗೆ ಖುಷಿಯೋ ಖುಷಿ. ನನಗೂ ಹಾಗೇ ಅನ್ನಿಸಿತ್ತು, ಹೇಳಲಿಲ್ಲ ಅಷ್ಟೆ.

ರಾತ್ರಿ ಟೀಚರ್ ಬರೆದರು: ಕೋಲು ನೆಟ್ಟಗಿತ್ತು, ಹಾಗಾದರೆ ಗಡಿಯಾರ? ನನಗೆ ತಲೆಗೆ ಹೊಡೆದಂತಾಯಿತು. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಪೆರ್ಲ ಇರುವುದು 75ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷ, ಅಂದರೆ ಅರ್ಧ ಗಂಟೆ ತಡ. ಸೆಪ್ಟೆಂಬರಿನಲ್ಲಿ ಸೂರ್ಯ ಗಡಿಯಾರಕ್ಕಿಂತ ಏಳೆಂಟು ನಿಮಿಷ ಮುಂದಿರುವುದನ್ನು ಕಳೆದರೆ ನಮ್ಮ ನಿಜವಾದ ಮಧ್ಯಾಹ್ನ 12:22ಕ್ಕೆ. ಅವರ ಗಡಿಯಾರ 45 ಡಿಗ್ರಿಯದ್ದು, ಊರು 34.75ರಲ್ಲಿ, ಮಧ್ಯಾಹ್ನ 12:33ಕ್ಕೆ. ತಪ್ಪಿದ್ದು ಇಬ್ಬರೂ. ನೆರಳೇ ಇರಬಾರದ ಕಡೆ 15 ಸೆಂಟಿಮೀಟರ್ ಕಂಡದ್ದರಿಂದ ಸಿಕ್ಕಿಬಿದ್ದೆವು, ಇಲ್ಲವಾದರೆ ನಮ್ಮ 24.5 ಸರಿ ಎಂದೇ ನಾನು ಈಗಲೂ ಕಲಿಸುತ್ತಿದ್ದೆ.

ಮರುವರ್ಷ ಗಡಿಯಾರವನ್ನು ನಂಬಲಿಲ್ಲ. ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚುಕ್ಕಿ ಇಟ್ಟು, ಎಲ್ಲಕ್ಕಿಂತ ಗಿಡ್ಡದ್ದನ್ನು ಹಿಡಿದೆವು. ಗುಂಪಿಗೊಂದು ಕೋಲು ಕೊಡುವ ಉಪಾಯ ಆ ಟೀಚರದ್ದು. ಅರುವತ್ತರ ಮೇಲೆ ಮಕ್ಕಳಿರುವ ತರಗತಿಯಲ್ಲಿ ಅವರಿಗೆ ಅದು ಅನಿವಾರ್ಯ. ಹದಿನೇಳು ಮಕ್ಕಳ ನನ್ನ ತರಗತಿಯಲ್ಲಿ ಇದರಿಂದ ಹಿಂದೆ ಕೂರುತ್ತಿದ್ದ ಇಬ್ಬರ ಕೈಗೂ ಸ್ಕೇಲು ಬಂತು. ನೆರಳು 22.5. ಪುಸ್ತಕದಲ್ಲಿ ಐದರಲ್ಲೊಂದು ಅಳತೆಗೆ ತ್ರಿಕೋನ ಬರೆದು ಕೋನಮಾಪಕ ಇಟ್ಟರೆ 13 ಡಿಗ್ರಿ. ಅಟ್ಲಾಸಿನ ಮೇಲೆ ನೂಲಿಟ್ಟು ತೆಗೆದ ದೂರ 1,400 ಕಿಲೋಮೀಟರ್. 360ರಿಂದ ಗುಣಿಸಿ 13ರಿಂದ ಭಾಗಿಸಿದಾಗ ಬಂದದ್ದು 38,769. ನಿಜವಾದ ಅಳತೆ 40,000ದ ಆಸುಪಾಸು. ಕಿಸುಮುವಿನ ಫೋಟೋದಲ್ಲಿ ನೆರಳು ಕೋಲಿನ ಬುಡದಲ್ಲೇ ಮುದುಡಿತ್ತು. ‘ಕಿವುಲಿ’ ಎಂದರೆ ಸ್ವಾಹಿಲಿಯಲ್ಲಿ ನೆರಳು ಎಂಬುದು ಈಗ ನಮ್ಮ ಏಳನೇ ತರಗತಿಗೆಲ್ಲ ಗೊತ್ತು.

ಈ ವರ್ಷ 12:10ಕ್ಕೆ ಮೋಡ ಮುಚ್ಚಿದ್ದು ಒಂದು ಗಂಟೆಯವರೆಗೂ ಬಿಡಲಿಲ್ಲ. ಹದಿನೇಳು ಮಕ್ಕಳು ಸ್ಕೇಲು ಹಿಡಿದುಕೊಂಡು ಆಕಾಶ ನೋಡುತ್ತಾ ನಿಂತದ್ದೇ ಆಯಿತು. ಸೂರ್ಯ ಮತ್ತೆ ಭೂಮಧ್ಯರೇಖೆಯ ಮೇಲೆ ಬರುವ ಮಾರ್ಚ್ 20ಕ್ಕೆ ಇನ್ನೊಂದು ಅವಕಾಶ ಇದೆ, ಆಗ ಸೂರ್ಯ ಗಡಿಯಾರಕ್ಕಿಂತ ಏಳೆಂಟು ನಿಮಿಷ ಹಿಂದಿರುವುದರಿಂದ ನಮ್ಮ ಮಧ್ಯಾಹ್ನ 12:37ಕ್ಕೆ. ಪರೀಕ್ಷೆಯ ಸಮಯ. ಅರ್ಧ ಗಂಟೆ ಬಿಟ್ಟುಕೊಡಿ ಎಂದು ಹೆಡ್ಮಾಷ್ಟ್ರಲ್ಲಿ ಈಗಲೇ ಕೇಳಿಟ್ಟಿದ್ದೇನೆ.