ಎದೆಗೂಡಿನ ನೋವು: ಮೊದಲು ಹೃದಯ, ಆಮೇಲೆ ಪಕ್ಕೆಲುಬು

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಬೆನ್ನಿಗೇ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗೆಂದು ಜನ ಮುಗಿಬಿದ್ದಿದ್ದರು. ಎದೆ ಚುಳುಕ್ಕೆಂದರೆ ನಮಗೆ ಗೊತ್ತಿರುವುದು ಎರಡೇ: ಒಂದೋ ಗಾಬರಿ, ಇಲ್ಲವೇ ‘ಗ್ಯಾಸ್ ಇರಬೇಕು ಬಿಡಿ’ ಎಂಬ ಉಡಾಫೆ. ಹೃದಯದ್ದೂ ಅಲ್ಲದ, ಹೊಟ್ಟೆಯದ್ದೂ ಅಲ್ಲದ ನೋವೊಂದಿದೆ. ಅದು ಎದೆಗೂಡಿನದು. ಅಪಾಯಕಾರಿಯಲ್ಲ, ಆದರೆ ಅದೇ ಎಂದು ತೀರ್ಮಾನಿಸಲು ಒಂದು ಕ್ರಮವಿದೆ.

1. ಹೃದಯದ ಲೆಕ್ಕ ಮೊದಲು ಮುಗಿಸಿ

ಎದೆಯ ಮೇಲೆ ಭಾರ ಹೇರಿದಂತಾಗುವುದು, ನೋವು ತೋಳಿಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಏದುಸಿರು. ಇವುಗಳಲ್ಲಿ ಒಂದಿದ್ದರೂ ಈ ಲೇಖನವನ್ನು ಬದಿಗಿಟ್ಟು 108ಕ್ಕೆ ಕರೆ ಮಾಡಿ. ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ತಾವೇ ಸ್ಕೂಟರ್ ಓಡಿಸಿಕೊಂಡು ಹೋಗುವ ಸಾಹಸ ಬೇಡ. ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ, ಮಹಿಳೆಯರಲ್ಲಿ ಲಕ್ಷಣಗಳು ಇಷ್ಟು ಸ್ಪಷ್ಟವಾಗಿ ಇರದೆಯೂ ಇರಬಹುದು. ಮೊದಲ ಇಸಿಜಿ ಸರಿಯಿದ್ದರೂ ವೈದ್ಯರು ಮತ್ತೊಮ್ಮೆ ತೆಗೆಯುವುದು, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಬರೆಯುವುದು ಬಿಲ್ ಏರಿಸಲಿಕ್ಕಲ್ಲ. ಆರಂಭದಲ್ಲಿ ಇಸಿಜಿ ಹೃದಯಾಘಾತವನ್ನು ತೋರಿಸದಿರುವುದುಂಟು.

2. ನೋವಿನ ಜಾಗ ಹುಡುಕಿ

ಹೃದಯಕ್ಕೆ ತೊಂದರೆಯಿಲ್ಲ ಎಂದಾದ ಮೇಲೆ ಬೆರಳಿಗೆ ಕೆಲಸ. ಗಂಟಲಿನ ಬುಡದಲ್ಲಿರುವ ಕುಳಿಯ ಮೇಲೆ ತೋರುಬೆರಳಿಟ್ಟು ಎದೆಮೂಳೆಯ ಮೇಲೆ ನೇರವಾಗಿ ಕೆಳಗೆ ಜಾರಿಸಿ. ಸುಮಾರು ಎರಡು ಇಂಚು ಕೆಳಗೆ ಅಡ್ಡಲಾಗಿ ಸಣ್ಣ ದಿಬ್ಬವೊಂದು ತಗಲುತ್ತದೆ. ಅಲ್ಲಿಂದ ಪಕ್ಕಕ್ಕೆ ಸರಿದರೆ ಎರಡನೇ ಪಕ್ಕೆಲುಬು. ಎಲುಬು ಎದೆಮೂಳೆಯನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಬಾಗಬಲ್ಲ ಮೃದ್ವಸ್ಥಿಯಿದೆ, ಉಸಿರಾಡುವಾಗ ಎದೆ ಹಿಗ್ಗುವುದು ಅದರಿಂದಲೇ. ಆ ಕೂಡುವಲ್ಲಿ ಉಂಟಾಗುವ ಉರಿಯೂತವೇ ಕಾಸ್ಟೋಕಾಂಡ್ರೈಟಿಸ್. ಹೆಚ್ಚಾಗಿ ಕಾಡುವುದು ಎರಡರಿಂದ ಐದನೇ ಪಕ್ಕೆಲುಬಿನವರೆಗೆ.

ಒಂದೊಂದನ್ನೇ ಮೆತ್ತಗೆ ಒತ್ತುತ್ತಾ ಇಳಿಯಿರಿ. ‘ಅಯ್ಯೋ, ಇದೇ ಆ ನೋವು’ ಎನ್ನಿಸಬೇಕು. ಬರಿದೇ ನೋಯುವುದು ಸಾಲದು. ಕೆಮ್ಮಿದಾಗ, ಮಗ್ಗುಲು ಬದಲಿಸಿದಾಗಲೂ ಅದೇ ನೋವು ಎದ್ದರೆ ಅನುಮಾನ ಬಲವಾಗುತ್ತದೆ. ಹೃದಯಾಘಾತವಾದ ಕೆಲವರಿಗೂ ಎದೆ ಒತ್ತಿದರೆ ನೋಯುತ್ತದೆ, ಹಾಗಾಗಿ ಈ ಹೆಜ್ಜೆ ಎಂದೂ ಮೊದಲನೆಯದಾಗಬಾರದು.

ನೋವಿನ ಜೊತೆಗೆ ಊತವೂ ಕಂಡರೆ ಅದು ಬಹುಶಃ ಟೀಟ್ಸೆ ಸಿಂಡ್ರೋಮ್. ಜರ್ಮನ್ ಶಸ್ತ್ರವೈದ್ಯ ಅಲೆಕ್ಸಾಂಡರ್ ಟೀಟ್ಸೆ ಇದನ್ನು 1921ರಲ್ಲಿ ವಿವರಿಸಿದರು. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಪಕ್ಕೆಲುಬಿನಲ್ಲಿ ಒಂದೇ ಕಡೆ, ಅದೂ ನಲವತ್ತು ದಾಟದವರಲ್ಲಿ ಹೆಚ್ಚು. ಊತ ಕಂಡರೆ ವೈದ್ಯರಿಗೆ ತೋರಿಸಲೇಬೇಕು.

3. ಆರೈಕೆ

ವಾರಗಟ್ಟಲೆ ಬಿಡದ ಕೆಮ್ಮು, ಜಿಮ್‌ನಲ್ಲಿ ಹುಮ್ಮಸ್ಸಿನಿಂದ ಎತ್ತಿದ ಭಾರ, ಖಾಲಿ ಗ್ಯಾಸ್ ಸಿಲಿಂಡರ್ ಬದಲಿಸುವ ಎಳೆದಾಟ, ಕಾರಣ ಇಂಥದ್ದೇ ಇರಬಹುದು. ಏನೂ ಸಿಗದಿರುವುದೂ ಸಾಮಾನ್ಯ. ಭಾರ ಎತ್ತುವುದನ್ನು ಬಿಡಿ, ಬಿಸಿನೀರಿನ ಚೀಲದಿಂದ ಕಾವು ಕೊಡಿ. ಐಬುಪ್ರೊಫೆನ್‌ನಂತಹ ಮಾತ್ರೆ ಉರಿಯೂತ ಇಳಿಸುತ್ತದೆ. ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ ಇರುವವರು, ರಕ್ತ ತೆಳುಮಾಡುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಳೆಗಾಲದ ಬೆಂಗಳೂರಿನಲ್ಲಿ ಇನ್ನೊಂದು ಎಚ್ಚರಿಕೆ: ಜ್ವರವಿದ್ದು ಡೆಂಗಿಯ ಶಂಕೆಯಿದ್ದರೆ ಈ ಬಗೆಯ ಮಾತ್ರೆ ಬೇಡವೇ ಬೇಡ, ರಕ್ತಸ್ರಾವದ ಅಪಾಯವಿದೆ.

ನೋವು ಕೆಲವು ವಾರಗಳಲ್ಲಿ ಇಳಿಯುತ್ತದೆ, ಕೆಲವರಿಗೆ ತಿಂಗಳುಗಳೇ ಬೇಕು. ಆ ಜಾಗ ಕೆಂಪಾಗಿ ಜ್ವರ ಬಂದರೆ ಕಾಯಬೇಡಿ. ಎದೆಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿದು ಗುಳ್ಳೆಗಳೆದ್ದರೆ ಅದು ಸರ್ಪಸುತ್ತು ಇರಬಹುದು. ಅದರ ಔಷಧ ಮೂರು ದಿನದೊಳಗೆ ಶುರುವಾದರೆ ಒಳ್ಳೆಯದು.