ಸಕ್ಕರೆ ಪಾಕದಲ್ಲಿ ಮೊಲ ಬಿಡಿಸಲು ಕಲಿತದ್ದು

ಕೆಲಸದ ಮೇಲೆ ಎರಡು ವರ್ಷ ಚೀನಾದ ಚೆಂಗ್ಡುವಿನಲ್ಲಿದ್ದೆ. ರಜಾ ದಿನ ಪಾರ್ಕಿನಲ್ಲಿ ಕೂತು ಗಂಟೆಗಟ್ಟಲೆ ಚಹಾ ಕುಡಿಯುವುದು ಆ ಊರಿನ ರೂಢಿ, ನನಗೂ ಅಂಟಿತು. ಪಾರ್ಕಿನ ಗೇಟಿನ ಹತ್ತಿರ ಎಪ್ಪತ್ತು ದಾಟಿದ ಅಜ್ಜ ಒಬ್ಬರು ಥಾಂಗ್‌ಹ್ವಾ ಮಾಡುತ್ತಿದ್ದರು. ಥಾಂಗ್ ಅಂದರೆ ಸಕ್ಕರೆ, ಹ್ವಾ ಅಂದರೆ ಚಿತ್ರ. ಬಿಸಿ ಪಾಕವನ್ನು ಪುಟ್ಟ ಸೌಟಿನಿಂದ ಕಲ್ಲಿನ ಮೇಲೆ ಎಳೆ ಎಳೆಯಾಗಿ ಬಿಟ್ಟು ಮೀನು, ಚಿಟ್ಟೆ ಬಿಡಿಸಿ, ಬಿದಿರು ಕಡ್ಡಿ ಅಂಟಿಸಿ ಮಕ್ಕಳ ಕೈಗೆ ಕೊಡುವುದು.

ಮೂರು ವಾರ ಸುಮ್ನೆ ನಿಂತು ನೋಡಿದೆ. ಆಮೇಲೆ ಅರೆಬರೆ ಚೀನಿಯಲ್ಲಿ, "ಶಿಫು, ನನಗೂ ಕಲಿಸ್ತೀರಾ?" ಅಂದೆ. ಅಲ್ಲಿ ಕಸುಬುದಾರರನ್ನು ಹಾಗೇ ಕರೆಯುತ್ತಾರೆ. "ಏನು ಕಲೀತೀಯ?" ಅಂದರು. "ಡ್ರ್ಯಾಗನ್." ನಕ್ಕು ಕಲ್ಲು ಒರೆಸುವ ಬಟ್ಟೆ ಕೈಗೆ ಕೊಟ್ಟರು.

ಮೊದಲ ತಿಂಗಳು ಬರೀ ಪಾಕ. ಸಕ್ಕರೆ, ನೀರು, ಮತ್ತೆ ಹರಳುಗಟ್ಟದಿರಲಿ ಅಂತ ಒಂದಿಷ್ಟು ಮಾಲ್ಟ್ ಪಾಕ. ಶಾಖ ಸುಮಾರು 150 ಡಿಗ್ರಿಗೆ ಏರಬೇಕು, ಆದರೆ ಶಿಫು ಬಳಿ ಥರ್ಮಾಮೀಟರ್ ಎಲ್ಲಿ! ತಣ್ಣೀರಿಗೆ ಒಂದು ಹನಿ ಬಿಟ್ಟು ಕಚ್ಚಿ ನೋಡುವುದು. ಹಲ್ಲಿಗೆ ಅಂಟಿದರೆ ಇನ್ನೂ ಕಾಯಬೇಕು, ಟಕ್ ಅಂತ ಮುರಿದರೆ ಆಯಿತು. ನಮ್ಮಮ್ಮ ಕಜ್ಜಾಯದ ಪಾಕ ನೋಡುವುದೂ ನೀರಿನಲ್ಲೇ, ಆದರೆ ಅದು ಮೆತ್ತಗೆ ಉಂಡೆಯಾದರೆ ಸಾಕು.

ರಂಗೋಲಿ ಹಾಕಿ ಬೆಳೆದ ಕೈ, ಚಿತ್ರ ಸುಲಭ ಅಂದುಕೊಂಡಿದ್ದೆ. ತಪ್ಪು. ರಂಗೋಲಿಯಲ್ಲಿ ನಿಲ್ಲಿಸಬಹುದು, ಒರೆಸಬಹುದು. ಇಲ್ಲಿ ಕೈ ಒಂದು ಕ್ಷಣ ನಿಂತರೂ ಅಲ್ಲೊಂದು ಗುಡ್ಡೆ. ಸೌಟು ಕೆಳಗಿದ್ದು ನಿಧಾನ ಹೋದರೆ ಗೆರೆ ದಪ್ಪ, ಮೇಲೆತ್ತಿ ಬೇಗ ಎಳೆದರೆ ಕೂದಲಿನಂತೆ ತೆಳು. ಇನ್ನೊಂದು, ಇದನ್ನು ನಾನು ಕೆಟ್ಟೇ ಕಲಿತೆ: ಪ್ರತಿ ಗೆರೆಯೂ ಇನ್ನೊಂದನ್ನು ಮುಟ್ಟಿರಬೇಕು. ನನ್ನ ಮೊದಲ ಮೊಲವನ್ನು ಚಪ್ಪಟೆ ಅಲಗಿನಿಂದ ಎಬ್ಬಿಸಿದಾಗ ಮೊಲ ಬಂತು, ಕಿವಿ ಕಲ್ಲಿನ ಮೇಲೇ ಉಳಿಯಿತು. ಶಿಫು ಆ ಕಿವಿಯನ್ನು ಬಾಯಿಗೆ ಹಾಕಿಕೊಂಡರು.

ಕೆಟ್ಟದ್ದನ್ನು ಮತ್ತೆ ಕರಗಿಸಬಹುದಲ್ವಾ ಅಂದರೆ, ಒಂದೆರಡು ಸಲ ಅಷ್ಟೇ. ಆಮೇಲೆ ಪಾಕ ಕಪ್ಪಾಗಿ ಕಹಿಯಾಗುತ್ತದೆ. ಮಳೆ ಬಂದ ದಿನ ಅಂಗಡಿಯೇ ಇಲ್ಲ, ತೇವಕ್ಕೆ ಚಿತ್ರ ಜಿಗುಟಾಗುತ್ತದೆ.

2008ರಲ್ಲಿ ಚೆಂಗ್ಡುವಿನ ಥಾಂಗ್‌ಹ್ವಾ ಚೀನಾದ ರಾಷ್ಟ್ರೀಯ ಪರಂಪರೆ ಪಟ್ಟಿ ಸೇರಿತು. ಶಿಫು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಆದರೆ ಕಲಿಯಲು ಬಂದವರೆಲ್ಲ ಮೊದಲ ದಿನವೇ ಡ್ರ್ಯಾಗನ್ ಕೇಳುತ್ತಾರೆ, ಎರಡನೇ ವಾರ ಕಾಣೆಯಾಗುತ್ತಾರೆ ಅನ್ನುವುದು ಅವರ ದೂರು. ಮಗನಿಗೂ ಇದು ಬೇಡವಂತೆ. ನಾನು ಉಳಿದದ್ದು ಬಹುಶಃ ಭಾನುವಾರ ಬೇರೆ ಕೆಲಸ ಇಲ್ಲದ್ದಕ್ಕೆ.

ಎಂಟನೇ ತಿಂಗಳು ಒಂದು ಮೀನು ಮಾಡಿದೆ. ಬಿಸಿಲಿಗೆ ಹಿಡಿದು ನೋಡಿ, "ಬಾಶಿ" ಅಂದರು. ಚೆಂಗ್ಡು ಮಾತಿನಲ್ಲಿ ಅದು ದೊಡ್ಡ ಮೆಚ್ಚುಗೆ. ಅವತ್ತಿನಿಂದ ಆಗಾಗ ಗಿರಾಕಿಗಳನ್ನು ನನಗೇ ಬಿಟ್ಟು ಚಹಾ ಕುಡಿಯಲು ಕೂರುತ್ತಿದ್ದರು.

ಅಂಗಡಿಯಲ್ಲೊಂದು ದುಂಡು ಹಲಗೆ, ಸುತ್ತ ಪ್ರಾಣಿಗಳ ಚಿತ್ರ, ನಡುವೆ ತಿರುಗುವ ಬಾಣ. ದುಡ್ಡು ಕೊಟ್ಟು ಬಾಣ ತಿರುಗಿಸಬೇಕು, ನಿಂತಲ್ಲಿರುವುದೇ ನಿಮಗೆ. ಒಂದು ದಿನ ಪುಟ್ಟ ಹುಡುಗಿ ತಿರುಗಿಸಿದಳು. ಬಾಣ ಸೀದಾ ಡ್ರ್ಯಾಗನ್ ಮೇಲೆ ನಿಂತಿತು. ನಾನು ಶಿಫು ಮುಖ ನೋಡಿದೆ.

"ಅದರ ಬದಲು ಎರಡು ಮೊಲ ಕೊಡ್ತಾನೆ, ಆಗಬಹುದಾ ಮರೀ?" ಅಂದರು.

ಅವಳು ಒಪ್ಪಲಿಲ್ಲ. ಶಿಫು ಚಹಾ ಲೋಟ ಕೆಳಗಿಟ್ಟು ಎದ್ದರು.