ಸರ್ವಶಕ್ತನಾದ ದೇವರು: ಈ ಪಾಠವನ್ನು ನಾನು ಯೆರೆಮೀಯ 32ರಿಂದ ಕಲಿಸುವ ಬಗೆ

ಮನೆಕೂಟದಲ್ಲಿ, ಅಂದರೆ ಮನೆಯಲ್ಲಿ ಸೇರಿ ಬೈಬಲ್ ಓದಿ ಪ್ರಾರ್ಥಿಸುವ ಸಣ್ಣ ಕೂಟದಲ್ಲಿ, ದೇವರ ಸರ್ವಶಕ್ತಿಯ ಪಾಠ ನಡೆಸುವಾಗ ನಾನು ಸೃಷ್ಟಿಯಿಂದಲೋ ಕೆಂಪು ಸಮುದ್ರದಿಂದಲೋ ಶುರು ಮಾಡುವುದಿಲ್ಲ. ಅಲ್ಲಿಂದ ಹೊರಟರೆ ಪಾಠ ಬೇಗನೆ ಅದ್ಭುತಗಳ ಪಟ್ಟಿಯಾಗಿಬಿಡುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಬಿಟ್ಟು ಬಂದವರಿಗೆ ಅದರಲ್ಲಿ ಕೈಗೆ ಸಿಗುವುದು ಕಡಿಮೆ. ನಾನು ತೆರೆಸುವುದು ಬೈಬಲಿನ ಯೆರೆಮೀಯ ಪುಸ್ತಕದ 32ನೇ ಅಧ್ಯಾಯ. ದೇವರಿಗೆ ಅಸಾಧ್ಯವಾದದ್ದಿಲ್ಲ ಎಂಬ ಮಾತು ಅಲ್ಲಿ ಎರಡು ಸಲ ಬರುತ್ತದೆ: 17ನೇ ವಚನದಲ್ಲಿ ಪ್ರವಾದಿ ಯೆರೆಮೀಯನ ಪ್ರಾರ್ಥನೆಯಾಗಿ, 27ರಲ್ಲಿ ದೇವರೇ ಕೇಳುವ ಪ್ರಶ್ನೆಯಾಗಿ.

ಒಂದು ಗಂಟೆ ಬೇಕು, ಹತ್ತು ಹನ್ನೆರಡು ಜನ ಸಾಕು. ಮೊದಲು 1ರಿಂದ 15ರವರೆಗೆ, ಒಬ್ಬೊಬ್ಬರು ಮೂರು ವಚನದಂತೆ ಓದಬೇಕು. ಯೆಹೂದದ ಅರಸ ಚಿದ್ಕೀಯನ ಆಳ್ವಿಕೆಯ 10ನೇ ವರ್ಷ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಯೆರೆಮೀಯ ಕಾವಲಿನಲ್ಲಿದ್ದಾನೆ. ಆಗಲೇ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತ್ ಎಂಬ ಊರಿನ ಹೊಲ ಕೊಂಡುಕೋ ಎನ್ನುತ್ತಾನೆ. ಬೆಲೆ 17 ಶೆಕೆಲ್ ಬೆಳ್ಳಿ, ಇಂದಿನ ತೂಕದಲ್ಲಿ ಸುಮಾರು 200 ಗ್ರಾಂ. ಇಲ್ಲಿ ಅವಸರ ಬೇಡ. ಸಾಕ್ಷಿಗಳ ಎದುರು ಬೆಳ್ಳಿ ತೂಗುವುದು, ಕ್ರಯಪತ್ರಕ್ಕೆ ರುಜು, ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಒಂದು, ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು ಮಣ್ಣಿನ ಪಾತ್ರೆಯಲ್ಲಿಡಿಸುವುದು: ಎಲ್ಲವನ್ನೂ ನಿಧಾನವಾಗಿ ಓದಿಸುತ್ತೇನೆ. ಜಮೀನು ನೋಂದಣಿಗೆ ಓಡಾಡಿದವರಿಗೆ ಇದು ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಶತ್ರುವಿನ ಪಾಲಾಗುವ ಊರಿನಲ್ಲಿ ಹೊಲ ಕೊಂಡವನ ಬಾಯಿಂದ 17ನೇ ವಚನ ಬಂದಿದೆ. ಆ ಹಿನ್ನೆಲೆ ಬಿಟ್ಟರೆ ಅದು ಕ್ಯಾಲೆಂಡರಿನ ವಚನವಾಗಿ ಉಳಿಯುತ್ತದೆ.

ಪಾಠದ ಕೀಲು 27 ಮತ್ತು 28ರ ನಡುವೆ ಇದೆ. 27 ಮುಗಿದೊಡನೆ ಬೈಬಲ್ ಮುಚ್ಚಿಸಿ, "ಮುಂದೆ ದೇವರು ಏನು ಹೇಳಬಹುದು?" ಎಂದು ಕೇಳಿ. ಪಟ್ಟಣವನ್ನು ಉಳಿಸುತ್ತೇನೆ ಎನ್ನಬಹುದು ಎಂಬುದೇ ಸಾಮಾನ್ಯ ಉತ್ತರ. ಆಮೇಲೆ 28 ಓದಿಸಿ: ಪಟ್ಟಣವನ್ನು ಬಾಬೆಲಿನ ಅರಸನ ಕೈಗೆ ಕೊಡುತ್ತೇನೆ ಎನ್ನುತ್ತಾನೆ ದೇವರು. ಕೂಡಲೇ ಸಮಾಧಾನ ಹೇಳಲು ಹೋಗಬೇಡಿ, ಒಂದೆರಡು ನಿಮಿಷ ಬಿಡಿ. ನಂತರ 37, 43, 44: ಚದರಿದವರನ್ನು ಮತ್ತೆ ಕೂಡಿಸುತ್ತೇನೆ, ಈ ನಾಡಿನಲ್ಲಿ ಮತ್ತೆ ಹೊಲ ಕೊಳ್ಳುವರು. ಪಟ್ಟಣವನ್ನು ಒಪ್ಪಿಸಿಕೊಡುವುದೂ ಜನರನ್ನು ತಿರುಗಿ ತರುವುದೂ ಒಂದೇ ಶಕ್ತಿ. ಈ ಅಧ್ಯಾಯದಲ್ಲಿ ಅದು ನಡೆಸುವುದು ದೇವರ ಚಿತ್ತವನ್ನು.

ಕೂಟದಲ್ಲಿ ಕಾಲೇಜು ಹುಡುಗರಿದ್ದರೆ ಕಲ್ಲಿನ ಪ್ರಶ್ನೆ ಬಂದೇ ಬರುತ್ತದೆ: ತಾನೇ ಎತ್ತಲಾಗದ ಕಲ್ಲನ್ನು ದೇವರು ಮಾಡಬಲ್ಲನೇ? ತಳ್ಳಿಹಾಕಬೇಡಿ, ಆದರೆ ಯೆರೆಮೀಯ ಮುಗಿಯುವವರೆಗೆ ತಡೆದಿಡಿ. 13ನೇ ಶತಮಾನದಲ್ಲಿ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕೊಟ್ಟ ವಿವರಣೆ ಇಲ್ಲಿ ಸಾಕಾಗುತ್ತದೆ: ತನ್ನನ್ನು ತಾನೇ ಅಲ್ಲಗಳೆಯುವ ಮಾತು ಯಾವ ಕೆಲಸವನ್ನೂ ಸೂಚಿಸುವುದಿಲ್ಲ, ಆದ್ದರಿಂದ ಅದು ಆಗದಿರುವುದು ಶಕ್ತಿಯ ಕೊರತೆಯಲ್ಲ. ಜೊತೆಗೆ ತೀತ 1:2, 2 ತಿಮೊಥೆಯ 2:13, ಯಾಕೋಬ 1:13 ಓದಿಸಿ. ದೇವರು ಸುಳ್ಳಾಡನು, ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆಯನು, ಕೆಟ್ಟದ್ದರ ಸೆಳೆತಕ್ಕೆ ಒಳಗಾಗನು. ಇವನ್ನು ಮಿತಿ ಎಂದುಕೊಂಡರೆ ತಪ್ಪಾಗುತ್ತದೆ. ಸುಳ್ಳಾಡಬಲ್ಲ ಸರ್ವಶಕ್ತನ ವಾಗ್ದಾನವನ್ನು ಯಾರು ನಂಬಿಯಾರು?

ಪಾಠ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ದೇವರು ತಮಗೆ ಮಾಡಿದ್ದನ್ನು ಸಾಕ್ಷಿಯಾಗಿ ಹೇಳುವುದನ್ನು ಮೊದಲೇ ಇಟ್ಟುಕೊಂಡರೆ ವಾಸಿಯಾದವರ ಮಾತೇ ವಚನದ ಅರ್ಥವಾಗಿಬಿಡುತ್ತದೆ. ಕೊನೆಗಿಡಿ. ಇನ್ನೊಂದು, ವಾಸಿಯಾಗದವರಿಗೆ "ನಿಮ್ಮ ನಂಬಿಕೆ ಸಾಲದು" ಎನ್ನುವುದು. ಇದು ಕ್ರೂರ, ವಾಕ್ಯಕ್ಕೂ ದೂರ. ಯಾರಾದರೂ ಅಂದರೆ ಅಲ್ಲೇ ತಡೆದು ದಾನಿಯೇಲ 3:17, 18 ಓದಿಸುತ್ತೇನೆ. ಅರಸನ ವಿಗ್ರಹಕ್ಕೆ ಅಡ್ಡಬೀಳದೆ ಬೆಂಕಿಯ ಕುಲುಮೆಯ ಬೆದರಿಕೆ ಎದುರಿಸಿದ ಮೂವರು ಅಲ್ಲಿ, ದೇವರು ಬಿಡಿಸಬಲ್ಲನು ಎನ್ನುತ್ತಾರೆ. ಬಿಡಿಸದಿದ್ದರೂ ವಿಗ್ರಹಕ್ಕೆ ಅಡ್ಡಬೀಳೆವು ಎಂದೂ ಎನ್ನುತ್ತಾರೆ. ಅವರ ನಂಬಿಕೆಯಲ್ಲಿ ಕೊರತೆ ಎಲ್ಲಿದೆ?

ಕೊನೆಯ ಹತ್ತು ನಿಮಿಷ ಪ್ರಾರ್ಥನೆ, ಮಾರ್ಕ 14:36ರ ಕ್ರಮದಲ್ಲಿ. ಯೇಸು ಗೆತ್ಸೇಮನೆ ತೋಟದಲ್ಲಿ ಮೊದಲು ತಂದೆಗೆ ಎಲ್ಲವೂ ಸಾಧ್ಯ ಎನ್ನುತ್ತಾನೆ, ಬಳಿಕ ತನಗೆ ಬೇಕಾದ್ದನ್ನು ಮುಚ್ಚುಮರೆಯಿಲ್ಲದೆ ಕೇಳುತ್ತಾನೆ, ಆಮೇಲೆ ತಂದೆಯ ಚಿತ್ತಕ್ಕೆ ಬಿಡುತ್ತಾನೆ. ನಡುವಿನ ಭಾಗವನ್ನು ಹಾರಿಸಿ ನೇರವಾಗಿ "ನಿನ್ನ ಚಿತ್ತ" ಎಂದು ಮುಗಿಸಲು ಬಿಡಬೇಡಿ. ಕೇಳುವುದು ಮಕ್ಕಳ ಹಕ್ಕು. ಕಾಯಿಲೆಯವರ ಹೆಸರು ಹಿಡಿದು ಪ್ರಾರ್ಥಿಸುವುದಾದರೆ ಆ ಮನೆಯವರ ಒಪ್ಪಿಗೆಯನ್ನು ಮೊದಲೇ, ಕೂಟದ ಹೊರಗೆ ಕೇಳಿಕೊಳ್ಳಿ.